ಉಸುಕು ಬೆರೆಸಿದ ಬಣ್ಣ

ಎದುರು ಮನೆಯ ಗೇಟಿಗೆ ಇವತ್ತು ಬಣ್ಣ ಹಚ್ಚುತ್ತಿದ್ದಾರೆ. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಮನಸ್ಸಿನಲ್ಲೇ ಎಷ್ಟೋ ವರ್ಷ ಹಿಂದಿನ ಕೃಷ್ಣೆಯ ದಂಡೆಗೆ ಹೋಗಿಬಿಟ್ಟೆ.

ಆಗ ನಾನು ಜಮಖಂಡಿಯಿಂದ ಬಸ್ಸಿನಲ್ಲಿ ಹೊಳೆಯವರೆಗೆ ಹೋಗಿ, ದೋಣಿ ದಾಟಿ ಆಚೆಯ ಊರಿನ ಶಾಲೆ ಸೇರುತ್ತಿದ್ದ ಮಾಸ್ತರ. ಅದೇ ಶಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದವರು ಬನಹಟ್ಟಿಯ ನೇಕಾರರ ಮನೆಯ ಶಾಂತಕ್ಕ. ಪೋಲಿಯೋದಿಂದ ಅವರ ಎಡಗಾಲು ಸೊರಗಿತ್ತು. ಕೈಯಲ್ಲಿ ಸದಾ ಊರುಗೋಲು. ದೋಣಿಯಲ್ಲಿ ನಾವು ನಿಲ್ಲುವ ತಗಡಿನ ಹಾಸೋ, ನೀರು ಬಿದ್ದರೆ ಸಾಬೂನು ಸವರಿದಂತೆ. ಒಂದು ಬೆಳಿಗ್ಗೆ ಅವರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

"ವರ್ಗಾ ಮಾಡಿಸ್ಕೊಳ್ರಿ ಅಕ್ಕೋರ," ಎಂದೆ. ಉಪದೇಶ ಮಾಡುವುದರಲ್ಲಿ ನಾನು ಯಾವಾಗಲೂ ಮುಂದು.

"ನಾ ಯಾಕ ಹೋಗ್ಲಿ ಸರ? ಜಾರೂದು ದೋಣಿ. ಅದನ್ನ ಸರಿ ಮಾಡೂಣು."

ಪ್ಲಾಸ್ಟರ್ ಬಿಚ್ಚಿದ ವಾರವೇ ಬಣ್ಣದ ಡಬ್ಬಿ ತಂದರು. ಬಣ್ಣಕ್ಕೆ ಸಣ್ಣ ಉಸುಕು ಬೆರೆಸಿ ಹಚ್ಚಿದರೆ ಕಾಲು ಜಾರುವುದಿಲ್ಲವೆಂದು ಯಾರೋ ಪೇಂಟರ್ ಹೇಳಿದ್ದನಂತೆ. ದೋಣಿ ನಡೆಸುವ ದುರಗಪ್ಪ, "ಅನ್ನದಾಗ ಹರಳ ಹಾಕಿದಂಗಾತ್ರಿ ಇದು," ಎಂದು ನಕ್ಕ. ಆದರೂ ಒಂದು ರವಿವಾರ ದೋಣಿ ಬಿಟ್ಟುಕೊಟ್ಟ. ಹಚ್ಚಿದೆವು. ಎಂಟೇ ದಿನದಲ್ಲಿ ಬಣ್ಣ ಹಪ್ಪಳದಂತೆ ಎದ್ದು ಬಂತು.

ಊರೆಲ್ಲ ನಕ್ಕಿತು. ನನಗಂತೂ ಸಾಕಾಗಿತ್ತು. ಶಾಂತಕ್ಕ ಮಾತ್ರ ಎದ್ದ ಚಕ್ಕೆಯೊಂದನ್ನು ತಿರುವಿ ನೋಡಿ, "ತುಕ್ಕಿನ ಮ್ಯಾಲ ಹಚ್ಚೇವ್ರಿ ಸರ. ತಪ್ಪು ನಮ್ದ ಐತಿ," ಎಂದರು.

ಬೇಸಿಗೆ ರಜೆಯಲ್ಲಿ ದೋಣಿಯನ್ನು ದಂಡೆಗೆ ಎಳೆಸಿ, ಮೂರು ದಿನ ಕೂತಲ್ಲೇ ಸರಿಯುತ್ತ ತಂತಿಯ ಬ್ರಷ್ಷಿನಿಂದ ತುಕ್ಕು ತಿಕ್ಕಿದರು. ಕೈಗೆ ಬೊಬ್ಬೆ ಬಂದರೂ ಬ್ರಷ್ಷನ್ನು ನನಗೆ ಕೊಡಲಿಲ್ಲ. ನಾನು ಇನ್ನೊಂದು ಕೊಂಡು ತರಬೇಕಾಯಿತು. ಮೊದಲು ತುಕ್ಕು ತಡೆಯುವ ಕೆಂಪು ಬಣ್ಣ. ಅದು ಒಣಗಿದ ಮೇಲೆ ಬೂದು ಬಣ್ಣ ಹಚ್ಚಿ, ಹಸಿ ಇರುವಾಗಲೇ ಜರಡಿ ಹಿಡಿದ ಉಸುಕು ಉದುರಿಸಿದೆವು. ಮರುದಿನ ಅಂಟದ ಉಸುಕನ್ನು ಗುಡಿಸಿ ಮೇಲೆ ಇನ್ನೊಂದು ಕೈ ಬಣ್ಣ. ಆ ಕೊನೆಯ ಕೈ ನನ್ನದು. ಹುಮ್ಮಸ್ಸಿನಲ್ಲಿ ಹಿಂದೆ ಸರಿಯುತ್ತ ಹಚ್ಚಿ ಹಚ್ಚಿ ದೋಣಿಯ ತುದಿ ಮುಟ್ಟಿದೆ. ಮುಂದೆಲ್ಲ ಹಸಿ ಬಣ್ಣ, ಹಿಂದೆ ಕೆಸರು.

"ಒಣಗೂತನಕ ಅಲ್ಲೇ ಇರ್ರಿ ಮಾಸ್ತರ!" ಎಂದು ದುರಗಪ್ಪ ಕೂಗಿದ. ಮೊಣಕಾಲುದ್ದದ ಕೆಸರಿಗೆ ಹಾರಿದೆ.

ದೋಣಿ ಮತ್ತೆ ನೀರಿಗಿಳಿದ ದಿನ ಶಾಂತಕ್ಕ ಬೇಕೆಂದೇ ಎರಡು ಕೊಡ ನೀರು ಹಾಸಿನ ಮೇಲೆ ಸುರುವಿಸಿದರು. ಅವರು ಈ ತುದಿಯಿಂದ ಆ ತುದಿಗೆ ನಡೆದರು, ತಿರುಗಿ ಬಂದರು. ದುರಗಪ್ಪ ತಾನೂ ಬರಿಗಾಲನ್ನು ಒತ್ತಿ ಒತ್ತಿ ನೋಡಿ, "ಹಿಡೀತೈತ್ರಿ ಅಕ್ಕೋರ," ಎಂದ. ಮುಂದೆ ಪ್ರತಿ ಬೇಸಿಗೆ ತುಕ್ಕು ತಿಕ್ಕಿ ಬಣ್ಣ ಹಚ್ಚಿದವನು ಅವನೇ.

ಈಗ ನನ್ನ ಮೊಣಕಾಲೂ ಮಾತು ಕೇಳುವುದಿಲ್ಲ. ನಮ್ಮ ಓಣಿಯ ವಾಚನಾಲಯಕ್ಕೆ ಎಂಟು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಪತ್ರಿಕೆ ಮನೆಯಲ್ಲೇ ಓದುವುದು ಛಲೋ ಎಂದು ಎರಡು ತಿಂಗಳಿಂದ ಎಲ್ಲರಿಗೂ ಹೇಳುತ್ತಿದ್ದೇನೆ. ಅದು ಸುಳ್ಳು. ಕಂಬಿ ಹಾಕಿಸಿ ಎಂದು ಈಗಷ್ಟೇ ವಾಚನಾಲಯದವರಿಗೆ ಅರ್ಜಿ ಬರೆದೆ. ಯಾರ ಕೈಯಲ್ಲೂ ಕಳಿಸುವುದಿಲ್ಲ. ಒಂದೊಂದು ಮೆಟ್ಟಿಲ ಮೇಲೂ ಕೂತು ಏಳಬೇಕಾದರೂ ಸರಿ, ಮೇಲೆ ಹತ್ತಿ ನಾನೇ ಕೊಟ್ಟು ಬರುತ್ತೇನೆ.