ಚಿಕ್ಕಮ್ಮ ಒಪ್ಪದ ಕಾರುಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ನಮ್ಮ ಚಿಕ್ಕಮ್ಮನ ಜೊತೆ ಹಳೇ ಕಾರು ನೋಡಲು ಹೋದವರಲ್ಲ. ಹೋಗಿದ್ದರೆ ಮನೆ, ಮದುವೆ ಎರಡೂ ಸಲೀಸು ಎಂದು ಗಾದೆಯನ್ನೇ ಬದಲಾಯಿಸುತ್ತಿದ್ದರು. ನನಗೆ ವಾರಕ್ಕೆ ಒಂದೇ ರಜೆ, ಭಾನುವಾರ. ಉಳಿದ ದಿನವೆಲ್ಲ ನನ್ನ ಕನ್ನಡಕದ ಅಂಗಡಿಯಲ್ಲಿ ಜನ ಕನ್ನಡಿಯ ಮುಂದೆ ನಿಂತು "ಈ ಫ್ರೇಮ್ ಒಪ್ಪತ್ತಾ, ಆ ಫ್ರೇಮ್ ಒಪ್ಪತ್ತಾ" ಎಂದು ಮುಖ ತಿರುಗಿಸುವುದನ್ನು ಸಹಿಸಿಕೊಂಡು, ಆ ಒಂದು ದಿನ ಮುಸುಕೆಳೆದು ಮಲಗೋಣ ಎಂದರೆ ಬೆಳಿಗ್ಗೆಯೇ ಚಿಕ್ಕಮ್ಮನ ಫೋನು.

"ಎದ್ದಿದೀಯೇನೋ? ಒಂದು ಕಾರಿದೆ. ಬೇಗ ಬಾ."

ಹೀಗೆ ತಿಂಗಳುಗಟ್ಟಲೆ ನಡೆಯಿತು.

ಚಿಕ್ಕಮ್ಮ ಎಂದರೆ ನಮ್ಮಮ್ಮನ ಕೊನೆಯ ತಂಗಿ. ಐವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಊರಾಚೆಯ ದೊಡ್ಡ ಲಾಂಡ್ರಿಯಲ್ಲಿ ಕೆಲಸ. ಹೋಟೆಲುಗಳ, ಆಸ್ಪತ್ರೆಗಳ ಬೆಡ್‌ಶೀಟುಗಳು ಅಲ್ಲಿಗೆ ಗಂಟು ಗಂಟಾಗಿ ಬರುತ್ತವೆ. ಒಗೆದು, ಇಸ್ತ್ರಿ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬರುವ ಒಂದೊಂದನ್ನೂ ಬೆಳಕಿಗೆ ಹಿಡಿದು, ತೂತಿದೆಯೇ, ಕಲೆ ಉಳಿದಿದೆಯೇ ಎಂದು ನೋಡಿ ಮುಂದಕ್ಕೆ ದಾಟಿಸುವುದು ಅವಳ ಜವಾಬ್ದಾರಿ. ಬೆಳಗಿನಿಂದ ಒದ್ದೆ ಸಿಮೆಂಟ್ ನೆಲದ ಮೇಲೆ ನಿಂತೇ ಇರಬೇಕು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಒಂದ್ಸಲ ಓಡಿಸಿ ನೋಡಿ ಆಮೇಲೆ ಹೇಳ್ತೀನಿ ಅಂದೆ, ಯಾರೂ ಒಪ್ಪಲಿಲ್ಲ" ಎನ್ನುತ್ತಾಳೆ. ಅಮ್ಮ ಇದನ್ನು ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗಿಬಿಡುತ್ತಾಳೆ.

ಇವಳಿಗೆ ಭಾನುವಾರದ ಹುಚ್ಚೊಂದಿದೆ. ರೈಲ್ವೆ ಗೋದಾಮಿನ ಹಿಂದೆ ಒಂದು ಖಾಲಿ ಡಾಂಬರು ಮೈದಾನವಿದೆ. ಅಲ್ಲಿ ಒಂದು ಕ್ಲಬ್ಬಿನವರು ರಸ್ತೆ ಕೆಲಸದವರು ಇಡುವಂಥ ಪ್ಲಾಸ್ಟಿಕ್ ಕೋನುಗಳನ್ನು ಜೋಡಿಸಿ ಅಂಕುಡೊಂಕಾದ ದಾರಿ ಮಾಡುತ್ತಾರೆ. ಒಬ್ಬೊಬ್ಬರೇ ತಮ್ಮ ತಮ್ಮ ಕಾರಿನಲ್ಲಿ ಆ ದಾರಿಯನ್ನು ಎಷ್ಟು ಬೇಗ ಮುಗಿಸುತ್ತಾರೆ ಎಂದು ಗಡಿಯಾರ ಹಿಡಿದು ನೋಡುವುದು; ಕೋನು ಬಿದ್ದರೆ ದಂಡ. ಬಹುಮಾನ ಎಂದರೆ ಒಂದು ಚಪ್ಪಾಳೆ. ಹ್ಯಾಂಡ್‌ಬ್ರೇಕ್ ಎಳೆದು ಕಾರನ್ನು ನಿಂತ ಜಾಗದಲ್ಲೇ ಗಿರ್ರನೆ ತಿರುಗಿಸುವುದರಲ್ಲಿ ಚಿಕ್ಕಮ್ಮ ಎತ್ತಿದ ಕೈ. ಅಲ್ಲಿ ಅವಳನ್ನು ಎಲ್ಲರೂ ಹ್ಯಾಂಡ್‌ಬ್ರೇಕ್ ಆಂಟಿ ಎಂದೇ ಕರೆಯುತ್ತಾರೆ. ಲಾಂಡ್ರಿಗೂ ಅದೇ ಕಾರು, ಮೈದಾನಕ್ಕೂ ಅದೇ ಕಾರು. ಆ ಕಾರಿನ ಅಡಿಭಾಗವನ್ನು ತುಕ್ಕು ತಿಂದು, ಇನ್ನು ಇದು ರಸ್ತೆಗೆ ಇಳಿಯುವ ಹಾಗಿಲ್ಲ ಎಂದು ತಪಾಸಣೆಯವರು ಹೇಳಿದ ಮೇಲೆ ಗುಜರಿಗೆ ಹಾಕಿದ್ದಾಯಿತು. ಅಂದಿನಿಂದ ಚಿಕ್ಕಮ್ಮ ಲಾಂಡ್ರಿಯ ವ್ಯಾನಿನಲ್ಲಿ ಕೊಳೆ ಬಟ್ಟೆಯ ಗಂಟುಗಳ ನಡುವೆ ಕೂತು ಕೆಲಸಕ್ಕೆ ಹೋಗುತ್ತಿದ್ದಳು. ಕ್ಲಬ್ಬಿನ ಹೊಸ ಸುತ್ತಿನ ಸ್ಪರ್ಧೆಗಳು ಶುರುವಾಗುವ ದಿನ ಹತ್ತಿರ ಬರುತ್ತಿತ್ತು.

ಬೇಕಾದದ್ದು ಎಂಥ ಕಾರು? ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಅಗ್ಗವಾಗಿರಬೇಕು, ಆದರೆ ನಸುಕಿನಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು. ಪೆಟ್ರೋಲ್ ಕಮ್ಮಿ ಕುಡಿಯಬೇಕು, ಆದರೆ ಭಾನುವಾರ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಬೇಕು. ಗೇರ್ ಕೈಯಲ್ಲೇ ಹಾಕುವಂತಿರಬೇಕು, ಹ್ಯಾಂಡ್‌ಬ್ರೇಕು ಬಟನ್ನಲ್ಲ, ಎಳೆಯುವ ಹಿಡಿಯೇ ಆಗಿರಬೇಕು. "ಆಟೊಮ್ಯಾಟಿಕ್ ತಗೊಳ್ಳೆ, ಸುಖವಾಗಿ ಕೂತ್ಕೊಂಡು ಹೋಗು" ಎಂದು ಅಮ್ಮ ಫೋನಿನಲ್ಲಿ ಹೇಳಿ ಹೇಳಿ ಸೋತಳು. "ಅದು ಕಾರಲ್ಲಕ್ಕ, ಅಡ್ಡಡ್ಡ ಹೋಗೋ ಲಿಫ್ಟು" ಎಂದು ಚಿಕ್ಕಮ್ಮ ಫೋನಿಟ್ಟುಬಿಡುತ್ತಿದ್ದಳು.

ಇದರಲ್ಲಿ ನನ್ನ ಕೆಲಸವೇನು ಎಂದರೆ ಸುಮ್ಮನೆ ನಿಲ್ಲುವುದು. ಹೆಂಗಸು ಒಬ್ಬಳೇ ಹೋದರೆ ಮಾರುವವರು ಟೋಪಿ ಹಾಕುತ್ತಾರೆ ಎಂದು ಅಮ್ಮನ ಅಭಿಪ್ರಾಯ. ಹಾಗಾಗಿ, ಲೈಸೆನ್ಸ್ ಸಿಕ್ಕ ಮೇಲೆ ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸದ ನಾನು ಗಂಡು ದಿಕ್ಕು.

ಮೊದಲನೆಯ ಬ್ರೋಕರ್ ತಗಡಿನ ಶೆಡ್ಡಿನಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಇಂಜಿನ್ನಿನ ಗುಣಗಾನ ಮಾಡಿದ. ಚಿಕ್ಕಮ್ಮನ ಕಡೆ ತಿರುಗಿ, "ಮೇಡಂಗೆ ಕಲರ್ ಇಷ್ಟ ಆಯ್ತಾ?" ಎಂದ. ಮೇಡಂ ಅಷ್ಟರಲ್ಲಿ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಅದಕ್ಕೆ ಮೂಗು ಹಚ್ಚಿದ್ದಳು.

"ಇದು ನೀರಲ್ಲಿ ನಿಂತಿದ್ದ ಕಾರು. ಸೆಂಟ್ ಹೊಡೆದಿದೀರ. ನಾನು ದಿನಾ ಮೂಸೋದೇ ಒದ್ದೆ ಬಟ್ಟೆ."

ಆ ದಿನ ನನಗೆ ಚಿಕ್ಕಮ್ಮನ ಮೇಲೆ ಹೆಮ್ಮೆಯಾಯಿತು. ಒಂದು ರಜೆ ಹಾಳಾದರೂ ಪರವಾಗಿಲ್ಲ ಎನ್ನಿಸಿತು. ಹೆಮ್ಮೆ ಮುಂದಿನ ಭಾನುವಾರದವರೆಗೆ ಬಾಳಿತು.

ಎರಡನೆಯದು ಒಬ್ಬ ನಿವೃತ್ತ ಮೇಷ್ಟರ ಬಿಳಿ ಕಾರು. ಮಗುವಿಗೆ ಸ್ನಾನ ಮಾಡಿಸಿದ ಹಾಗೆ ತೊಳೆದು ನಿಲ್ಲಿಸಿದ್ದರು. ಬೆಲೆ ನಮ್ಮ ಕೈಗೆ ಎಟುಕುವಂಥದೇ. ಚಿಕ್ಕಮ್ಮ ಒಂದು ಸುತ್ತು ಹೋಗಿ ಬಂದು, "ಕ್ಲಚ್ ಸರಿಯಿಲ್ಲ" ಎಂದಳು. ಮೇಷ್ಟರ ಮುಖ ಬಾಡಿತು. ಮೂರನೆಯದು ಫೋಟೋಗ್ರಾಫರ್ ಒಬ್ಬನ ಪುಟ್ಟ ಕೆಂಪು ಕಾರು, ನೋಡಿದರೆ ಮೈದಾನಕ್ಕೆಂದೇ ಹುಟ್ಟಿದ ಹಾಗಿತ್ತು. "ಚೆನ್ನಾಗಿದೆ. ಕ್ಲಚ್ ಮಾತ್ರ ಕಲ್ಲು." ಅದರ ನಂತರದ್ದಕ್ಕೆ ಸ್ಟಿಯರಿಂಗ್ ನೆಪ, ಆಮೇಲಿನದ್ದಕ್ಕೆ ಮತ್ತೆ ಕ್ಲಚ್ಚು. ಒಂದು ಕಾರಿನ ಒಳಗೆ ಕೂತವಳು ಸ್ಟಾರ್ಟ್ ಕೂಡ ಮಾಡದೆ ಇಳಿದು ಬಂದಳು. ಆ ಮಾಲೀಕ ನನ್ನನ್ನು ದುರುಗುಟ್ಟಿ ನೋಡಿದ. ಬೈಗುಳಕ್ಕೆ ಮಾತ್ರ ನಾನು, ತೀರ್ಮಾನಕ್ಕೆ ಅವಳು!

ಹೋಗಲಿ, ಕ್ಲಬ್ಬಿನವರೇ ಒಬ್ಬರು ತಮ್ಮ ಕಾರು ಮಾರುತ್ತಾರೆಂದು ಮೈದಾನಕ್ಕೂ ಹೋದೆವು. ಅಲ್ಲೊಂದು ಪದ್ಧತಿ ಇದೆ. ಕಾರು ಹತ್ತುವ ಮುಂಚೆ ಎಲ್ಲರೂ ಕೋನುಗಳ ದಾರಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬರಬೇಕು. ಎಲ್ಲಿ ತಿರುಗುವುದು, ಎಲ್ಲಿ ಬ್ರೇಕು ಎಂದು ನಡೆದೇ ಕಲಿಯಬೇಕು. ಅಂದು ಬರಿಯ ಅಭ್ಯಾಸ. ಎಲ್ಲರೂ ಹೊರಟರು. "ಬನ್ನಿ ಆಂಟಿ" ಎಂದು ಕರೆದರು. ಚಿಕ್ಕಮ್ಮ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಏಳಲಿಲ್ಲ. "ನಡೀರಿ ನಡೀರಿ, ನನಗೆ ಇದೆಲ್ಲ ಬಾಯಿಪಾಠ" ಎಂದಳು. ಸೊಕ್ಕು ನೋಡು ಎಂದುಕೊಂಡೆ. ಆ ಕಾರನ್ನೂ ಬೇಡವೆಂದಳು.

ನನ್ನ ತಾಳ್ಮೆಗೂ ಒಂದು ಮಿತಿ ಇದೆ. ಮುಂದಿನ ವಾರ ನಾನೇ ಒಂದು ಕಾರು ಹುಡುಕಿದೆ. ನನ್ನ ಅಂಗಡಿಯ ಪಕ್ಕದ ಬೀದಿಯ ಮೆಕ್ಯಾನಿಕ್‌ನನ್ನು ಕಾಡಿ ಬೇಡಿ ಜೊತೆಗೆ ಕರೆದುಕೊಂಡು ಹೋದೆ. ಆತ ಬಾನೆಟ್ ಎತ್ತಿದ, ಅಡಿಗೆ ಮಲಗಿ ಟಾರ್ಚ್ ಹಾಕಿದ, ಓಡಿಸಿ ಬಂದ. "ಕಣ್ಮುಚ್ಕೊಂಡು ತಗೊಳ್ಳಿ. ಕ್ಲಚ್ ಹೊಸದು, ಬೆಣ್ಣೆ ಥರ ಇದೆ" ಎಂದ. ನಾನು ಗೆದ್ದೆ ಎಂದುಕೊಂಡು ಚಿಕ್ಕಮ್ಮನ ಕೈಗೆ ಕೀ ಕೊಟ್ಟೆ. ಅವಳು ಬೀದಿಯ ಕೊನೆಯವರೆಗೆ ಹೋಗಿ, ತಿರುಗಿಸಿಕೊಂಡು ಬಂದು, ಇಂಜಿನ್ ಆರಿಸಿ, ಕಿಟಕಿಯಿಂದ ಹೇಳಿದಳು:

"ಕ್ಲಚ್ ಗಟ್ಟಿ ಕಣೋ. ಬೇಡ."

ಪಿತ್ತ ನೆತ್ತಿಗೇರಿತು. ಮೆಕ್ಯಾನಿಕ್ ಇದ್ದಾನೆ, ಕಾರಿನ ಯಜಮಾನ ಇದ್ದಾನೆ ಎಂಬುದನ್ನೂ ಮರೆತೆ.

"ಊರಲ್ಲಿರೋ ಎಲ್ಲಾ ಕಾರಿನ ಕ್ಲಚ್ಚೂ ಹೇಗೆ ಕೆಟ್ಟಿರತ್ತೆ ಚಿಕ್ಕಮ್ಮ? ಕುಣಿಯಕ್ಕಾಗದೋಳು ನೆಲ ಡೊಂಕು ಅಂದ್ಲಂತೆ!"

ಬೈದರೆ ಎರಡರಷ್ಟು ತಿರುಗಿಸಿ ಬೈಯುವ ಹೆಂಗಸು. ನಾನು ಅದಕ್ಕೇ ಸಿದ್ಧನಾಗಿದ್ದೆ. ಆದರೆ ಅವಳು ಬಾಗಿಲು ತೆರೆದಳು. ಬಲಗಾಲು ಹೊರಗಿಟ್ಟಳು. ಆಮೇಲೆ ಕ್ಲಚ್ ಒತ್ತುವ ಎಡಗಾಲಿನ ಮಂಡಿಯ ಕೆಳಗೆ ಎರಡೂ ಕೈ ಕೊಟ್ಟು, ನೀರು ಕುಡಿದ ಬಟ್ಟೆಯ ಗಂಟನ್ನು ಎತ್ತುವ ಹಾಗೆ ಆ ಕಾಲನ್ನು ಎತ್ತಿ ಹೊರಗೆ ಇಟ್ಟಳು. ಹಣೆಯ ಮೇಲೆ ಬೆವರು. ಮೆಕ್ಯಾನಿಕ್ ತಲೆ ತಗ್ಗಿಸಿ ಟಾರ್ಚನ್ನು ಒರೆಸತೊಡಗಿದ.

"ಕೆಟ್ಟಿರೋದು ಏನು ಅಂತ ಗೊತ್ತಾಯ್ತಲ್ಲ, ಈಗ ಸಮಾಧಾನನಾ?" ಎಂದಳು.

ನನ್ನ ನಾಲಿಗೆ ಕಿತ್ತುಕೊಳ್ಳಬೇಕು ಎನ್ನಿಸಿತು. ಅದರ ಜೊತೆಗೇ ಸಿಟ್ಟು ಇಮ್ಮಡಿಯಾಯಿತು. ಹೇಳಬಾರದಿತ್ತೇ? ಒಂದು ಮಾತು ಹೇಳಿದ್ದರೆ ಇಷ್ಟು ಭಾನುವಾರ, ಇಷ್ಟು ಜನರ ಮುಂದೆ ಈ ನಾಟಕ ಯಾಕೆ? ಅದನ್ನೇ ಕೇಳಿದೆ.

"ಹೇಳಿದ್ರೆ ನಿಮ್ಮಮ್ಮ ಮೊದಲು ಏನು ಮಾಡ್ತಿದ್ಲು? ಕೀ ಕಿತ್ಕೊಳ್ತಿದ್ಲು. ಡಾಕ್ಟ್ರೂ ಅದನ್ನೇ ಹೇಳಿದಾರೆ, ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್ ತಗೊಳ್ಳಿ ಅಂತ. ಎಲ್ಲೋ ಒಂದು ಹಗುರ ಕ್ಲಚ್ ಇರೋ ಕಾರು ಸಿಗತ್ತೆ, ಯಾರಿಗೂ ಗೊತ್ತಾಗದೆ ಇನ್ನಷ್ಟು ದಿನ ನಡೆಯತ್ತೆ ಅಂದ್ಕೊಂಡೆ. ಅಂಥ ಕಾರೇ ಇಲ್ಲ ಕಣೋ."

ಅಲ್ಲೇ ಮೋಟುಗೋಡೆಯ ಮೇಲೆ ಕೂತಳು. ಈ ಕಾಲು ಕೈಕೊಟ್ಟರೆ ತನ್ನ ಭಾನುವಾರ ಮುಗಿಯಿತು, ಆಮೇಲೆ ತಾನು ಬರಿಯ ಬೆಡ್‌ಶೀಟ್ ನೋಡುವ ಹೆಂಗಸು ಎಂದಳು. ಅವಳು ಯಾವ ವಿಷಯವನ್ನೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಾನು ಮೆಕ್ಯಾನಿಕ್‌ನ ಮುಖ ನೋಡಿದೆ. ಆತ ಕೇಳಿದ್ದು ಒಂದೇ: "ಮೈದಾನದಲ್ಲಿ ಒಂದು ಸುತ್ತಿಗೆ ಕ್ಲಚ್ ಎಷ್ಟು ಸಲ ಒತ್ತಬೇಕಾಗತ್ತೆ ಮೇಡಂ?"

ಚಿಕ್ಕಮ್ಮ ಯೋಚಿಸಿದಳು. ಹೊರಡುವಾಗ ಒಮ್ಮೆ. ಎರಡನೇ ಗೇರಿಗೆ ಹಾಕುವಾಗ ಒಮ್ಮೆ. ಆಮೇಲೆ ಕೊನೆಯವರೆಗೂ ಅದೇ ಗೇರು. ಹ್ಯಾಂಡ್‌ಬ್ರೇಕ್ ತಿರುವಿನಲ್ಲಿ ಇನ್ನೊಮ್ಮೆ. ಅಷ್ಟೇ. ಮತ್ತೆ ಲಾಂಡ್ರಿಗೆ ಹೋಗುವಾಗ? ಅದಕ್ಕೆ ಲೆಕ್ಕವೇ ಇಲ್ಲ. ಸಿಗ್ನಲ್ಲು, ಹಂಪು, ಬಸ್ಸಿನ ಹಿಂದೆ ಬಸ್ಸು, ಒತ್ತು ಬಿಡು, ಒತ್ತು ಬಿಡು. ವಿಷಯ ಮೊದಲೇ ಗೊತ್ತಿದ್ದರೆ ನಾವೆಲ್ಲ ಮೈದಾನವೇ ಅವಳ ಶತ್ರು ಎಂದುಕೊಳ್ಳುತ್ತಿದ್ದೆವು. ಮಂಡಿಯನ್ನು ತಿಂದದ್ದು ಸಿಮೆಂಟ್ ನೆಲ, ಉಳಿದದ್ದನ್ನು ತಿನ್ನುತ್ತಿದ್ದುದು ಕೆಲಸಕ್ಕೆ ಹೋಗುವ ದಾರಿ.

ಚಿಕ್ಕಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ನೋಟ ನೋಡಿಯೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಈ ಕಾಲಲ್ಲಿ ಇನ್ನೆಷ್ಟು ಸಲ ಒತ್ತೋ ಶಕ್ತಿ ಉಳಿದಿದೆಯೋ ಗೊತ್ತಿಲ್ಲ. ಅದನ್ನ ಸಿಗ್ನಲ್ಲಿಗೆ ಸುರಿಯಲ್ಲ. ವಾರ ಪೂರ್ತಿ ಕಾರು ನೀನು ಓಡಿಸ್ತೀಯ."

"ನನಗೆ ಗೇರ್ ಕಾರು ಬರಲ್ಲ!"

"ಕಲಿಸ್ತೀನಿ."

"ಲಾಂಡ್ರಿ ಊರಾಚೆ, ನನ್ನ ಅಂಗಡಿ ಊರೊಳಗೆ."

"ನನ್ನ ಬಿಟ್ಟು ವಾಪಸ್ ಬಾ. ಅಂಗಡಿ ತೆಗೆಯೋದು ಹತ್ತು ಗಂಟೆಗೆ ತಾನೇ? ಅಲ್ಲೀವರೆಗೆ ಮಲಗಿ ಏನು ಕಡಿದು ಕಟ್ಟೆ ಹಾಕ್ತೀಯ?"

ಆ ಬೆಣ್ಣೆ ಕ್ಲಚ್ಚಿನ ಕಾರೇ ಬಂತು. ನನ್ನ ನಿದ್ದೆ ಹೋಯಿತು. ಕೋಳಿಗಿಂತ ಮುಂಚೆ ಎದ್ದು ನಾನು ಸ್ಟಿಯರಿಂಗ್ ಹಿಂದೆ, ಪಕ್ಕದಲ್ಲಿ ಚಿಕ್ಕಮ್ಮ. ನಾನು ಪ್ರತಿ ಸಿಗ್ನಲ್ಲಿನಲ್ಲೂ ಇಂಜಿನ್ ಆರಿಸಿಕೊಂಡು, ಹಿಂದಿನವರು ಹಾರ್ನ್ ಬಡಿದು, ಅವಳು ತಲೆ ಚಚ್ಚಿಕೊಂಡು, "ಬಿಡೋ ನಿಧಾನಕ್ಕೆ, ಕಾಲಿಗೂ ಕಿವಿ ಇರಬೇಕು" ಎಂದು ಬೈದು, ನಾನು "ಹಾಗಾದ್ರೆ ಇಳಿದು ನಡ್ಕೊಂಡು ಹೋಗು" ಎಂದು ತಿರುಗಿ ಬೈದು, ಲಾಂಡ್ರಿಯ ಗೇಟು ಮುಟ್ಟುವಷ್ಟರಲ್ಲಿ ಇಬ್ಬರೂ ಮಾತು ಬಿಟ್ಟಿರುತ್ತಿದ್ದೆವು. ಸಂಜೆ ಕರೆತರಲು ಹೋದಾಗ ಮತ್ತೆ ಶುರು. ಅಮ್ಮನಿಗೆ ಮಂಡಿಯ ವಿಷಯ ಚಿಕ್ಕಮ್ಮನೇ ಹೇಳಿದಳು. ಅಮ್ಮ ಒಂದು ವಾರ ಅತ್ತಳು, ಆಮೇಲೆ ನನಗೆ ಫೋನ್ ಮಾಡಿ, "ನೀನು ಸರಿಯಾಗಿ ಓಡಿಸು, ಅವಳ ಮಂಡಿ ಕುಲುಕಬಾರದು" ಎಂದು ತಾಕೀತು ಮಾಡಿದಳು. ಯಾರಿಗೂ ನನ್ನ ಕಷ್ಟ ಬೇಕಿಲ್ಲ.

ಹೊಸ ಸುತ್ತಿನ ಮೊದಲ ಭಾನುವಾರ ಬಂತು. ಎಲ್ಲರೂ ಕೋನುಗಳ ದಾರಿ ನಡೆಯಲು ಹೊರಟಾಗ ಚಿಕ್ಕಮ್ಮ ನನ್ನ ತೋಳು ಹಿಡಿದು ಎದ್ದಳು. ಅರ್ಧ ದಾರಿ ಕುಂಟುತ್ತ ನಡೆದಳು, ಎಲ್ಲರ ಎದುರಿಗೇ. ಉಳಿದರ್ಧ ನಾನು ನಡೆದು ಬಂದು ಹೇಳಿದೆ. ನಾನು ಹೇಳಿದ್ದೆಲ್ಲ ತಪ್ಪು ಎಂದು ಬೈಸಿಕೊಂಡೆ.

ಅವಳ ಸರದಿ ಬಂತು. ಕಾರು ಒಮ್ಮೆ ಗುಟುರು ಹಾಕಿ ಚಿಮ್ಮಿತು. ವಾರವಿಡೀ ನನ್ನ ಕೈಯಲ್ಲಿ ಕೆಮ್ಮುತ್ತಿದ್ದ ಕಾರು ಅದೇನಾ ಎಂದು ನಾನು ಬಾಯಿ ಬಿಟ್ಟು ನೋಡಿದೆ. ಕೋನುಗಳ ನಡುವೆ ಎಡಕ್ಕೆ ಬಲಕ್ಕೆ ನುಸುಳಿ, ಕೊನೆಯ ತಿರುವಿನಲ್ಲಿ ಹಿಂದಿನ ಚಕ್ರ ಕಿರುಚಿ ಇಡೀ ಕಾರು ಗಿರ್ರನೆ ತಿರುಗಿ, ಒಂದು ಕೋನೂ ಅಲುಗದೆ, ಗೆರೆ ದಾಟಿ ನಿಂತಿತು. ಜನ ಶಿಳ್ಳೆ ಹೊಡೆದರು. ಬಾಗಿಲು ಮಾತ್ರ ತೆರೆಯಲಿಲ್ಲ.

ನಾನು ಓಡಿದೆ. ಚಿಕ್ಕಮ್ಮ ಸ್ಟಿಯರಿಂಗ್ ಹಿಡಿದೇ ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು, ಬಾಯಲ್ಲಿ ನಗು.

"ಓಡಿಸ್ತಿದ್ದಾಗ ನೋವು ಗೊತ್ತೇ ಆಗ್ಲಿಲ್ಲ ಕಣೋ. ಒಂಚೂರೂ."

"ಈಗ?"

"ಈಗ ಜೀವ ಹೋಗ್ತಿದೆ. ಎತ್ತಕ್ಕಾಗ್ತಿಲ್ಲ. ಸ್ವಲ್ಪ ಹೊತ್ತು ಹೀಗೇ ಕೂತಿರ್ತೀನಿ."

 ಹಿಂದುಗಡೆ ಸರದಿ ಕಾಯುತ್ತಿದ್ದವನು ಇಂಜಿನ್ ಗುರುಗುಟ್ಟಿಸುತ್ತಿದ್ದ. ಗಡಿಯಾರ ಹಿಡಿದವನು ಜಾಗ ಖಾಲಿ ಮಾಡಿ ಎಂದು ಕೈ ಬೀಸುತ್ತಿದ್ದ. ಇನ್ನೊಬ್ಬ ಹಾರ್ನ್ ಒತ್ತಿದ. ನಾನು ಹೋಗಿ ಚಿಕ್ಕಮ್ಮನ ಕಾರಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತೆ.

"ಏನ್ರೀ ಅಷ್ಟೊಂದು ಅವಸರ ನಿಮಗೆಲ್ಲ?" ಎಂದು ಇಡೀ ಮೈದಾನದ ಮೇಲೆ ಕೂಗಾಡಿದೆ. "ಕೂತಿದಾರೆ ಅವರು! ಏಳೋವರೆಗೂ ಕಾಯ್ರಿ!"