ರಟ್ಟಿನ ಆಸ್ಪತ್ರೆಯ ಮೊದಲ ರೋಗಿ

ಅಹಮದಾಬಾದಿಗೆ ಬಂದ ವಾರದಲ್ಲೇ ನನ್ನನ್ನು ಆಸ್ಪತ್ರೆಗೆ ಸೇರಿಸಿದರು. ರಟ್ಟಿನ ಆಸ್ಪತ್ರೆ. ಗೋಡೆ ರಟ್ಟು, ಕಿಟಕಿ ರಟ್ಟು, ಬಾಟಲಿ ನೇತುಹಾಕುವ ಕಂಬ ಬಿದಿರು. ಮಂಚ ಮಾತ್ರ ನಿಜವಾದ ಕಬ್ಬಿಣದ್ದು, ನನ್ನ ಸೊಂಟದಷ್ಟು ಎತ್ತರ. ಇಳಿಯಲು ಪಕ್ಕದಲ್ಲಿ ದಪ್ಪ ರಟ್ಟಿನ ಮೆಟ್ಟಿಲು, ಹಿಡಿದುಕೊಳ್ಳಲು ಅದರ ಮುಂದೊಂದು ಹಿಡಿಕೆ. ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಆದರೂ ಮಲಗಿಸಿ ಒಂದು ಕಣ್ಣಿಗೆ ಬಟ್ಟೆ ಕಟ್ಟಿದರು.

"ಅಜ್ಜಿ, ಈಗ್ತಾನೆ ನಿನ್ಗೆ ಕಣ್ಣಿನ ಆಪ್ರೇಷನ್ ಆಗೈತೆ ಅನ್ಕೋ. ಎದ್ದು ಬಚ್ಚಲಿಗೆ ಹೋಗು, ನೋಡಾಣ" ಅಂದಳು ಮೊಮ್ಮಗಳು ಶೋಭಾ.

ಇಳಿದೆ. ಅವಳೂ ಅವಳ ಜೊತೆಯ ಮಕ್ಕಳೂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನ ಪಾದವನ್ನೇ ನೋಡಿದರು. ಮದುವೆಯಲ್ಲಿ ಕಾಲುಂಗುರ ತೊಡಿಸಿದಾಗ ಬಿಟ್ಟರೆ ನನ್ನ ಪಾದವನ್ನು ಯಾರೂ ಅಷ್ಟು ಆಸ್ಥೆಯಿಂದ ನೋಡಿದ್ದಿಲ್ಲ. ಮೊಮ್ಮಗಳು ಓದುವ ಈ ಶಾಲೆ ಎಂಥದಪ್ಪ ಅಂತ ಬೆರಗಾಗಿ ನಿಂತೆ.

ನಾನು ಶೆಟ್ಟಿಕೆರೆಯವಳು. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟು ತೋಟ, ಅಟ್ಟ, ಒಲೆ ಅಂತಲೇ ಬದುಕಿದವಳು. ಶೋಭಾ ಇಲ್ಲಿ ಡಿಸೈನ್ ಓದಲು ಸೇರಿದಳು. ಹಾಸ್ಟೆಲ್ ಊಟ ಸೇರದೆ ಸೊರಗಿದಳು. ರಾಗಿ ಹಿಟ್ಟಿನ ಚೀಲ ಹೊರಿಸಿಕೊಂಡು ನಾನೇ ರೈಲು ಹತ್ತಿದೆ. ಡಿಸೈನ್ ಅಂದರೆ ಸೀರೆಯ ಅಂಚಿನ ಬುಟ್ಟಾ ಬರೆಯುವುದು ಅಂದುಕೊಂಡಿದ್ದೆ.

"ಮದ್ದು ಕೊಡೋದು ಡಾಕ್ಟ್ರ ಕೆಲ್ಸ ಕಣಜ್ಜಿ. ಮದ್ದು ತಗೊಂಡೋರು ಮಂಚದಿಂದ ಹೆಂಗೆ ಇಳೀತಾರೆ, ಎಲ್ಲಿ ಹೆದ್ರುತಾರೆ, ಅದನ್ನ ನೋಡೋದು ನಮ್ದು" ಅಂದಳು. ಮೊದಲು ಸುಮ್ಮನೆ ಕೂತು ನೋಡಬೇಕಂತೆ. ಆಮೇಲೆ ಕೇಳಬೇಕಂತೆ. ಆಮೇಲೆ ರಟ್ಟಿನಲ್ಲಿ ಮಾಡಿ, ಸರಿ ಬರದಿದ್ದರೆ ಮುರಿದು ಹಾಕಿ, ಮತ್ತೆ ಮಾಡಬೇಕಂತೆ.

"ಮುರಿಯೋಕೇ ಮಾಡೋದೇನೇ?"

"ರಟ್ಟು ಮುರಿದ್ರೆ ಮುರೀಲಿ ಅಜ್ಜಿ. ಮುದುಕೀರ ಸೊಂಟ ಮುರೀಬಾರ್ದು."

ನಾವಿರುವುದು ಪೋಳ್‌ನಲ್ಲಿ. ಪೋಳ್ ಅಂದರೆ ಒಂದೇ ಹೆಬ್ಬಾಗಿಲೊಳಗೆ ಅಂಟಿಕೊಂಡಿರುವ ಮನೆಗಳ ಓಣಿ. ನಮ್ಮ ಕಡೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟವೇ ಇರುತ್ತದೆ. ಇಲ್ಲಿ ಎದುರು ಮನೆಯವರು ಕೆಮ್ಮಿದರೆ ನಾನು ನೀರು ಕೊಡಬಹುದು. ಓಣಿಯ ನಡುವೆ ಹಕ್ಕಿಗಳಿಗೆ ಕಾಳು ಹಾಕುವುದಕ್ಕೆಂದೇ ಕೆತ್ತನೆಯ ಗೋಪುರ ಕಟ್ಟಿದ್ದಾರೆ. ಹಕ್ಕಿಗೂ ಮನೆ ಕಟ್ಟುವ ಜನ! ತೊವ್ವೆಗೆ ಮಾತ್ರ ಬೆಲ್ಲ ಹಾಕುತ್ತಾರೆ. ಸಾರಿಗೆ ಕಾಯಿ ತುರಿಯೋಣವೆಂದರೆ ಅಂಗಡಿಯವನು ದೇವರ ಪೂಜೆಗೆ ಇಟ್ಟಿದ್ದ ಒಂದು ಒಣಗಲು ಕಾಯಿ ಕೊಟ್ಟ. ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದೇ ಇಲ್ಲ, ಅಲ್ಲೇ ಅಳು ಬಂತು. ಮಾತಾಡಲು ಜನವಿಲ್ಲದೆ ಮೊದಮೊದಲು ನಾನು ರಾಗಿ ಹಿಟ್ಟಿನ ಜೊತೆ ಮಾತಾಡುತ್ತಿದ್ದೆ.

ಆ ಒಂಟಿತನ ಕಳೆದವರು ಮನೆಯೊಡತಿ ಕಾಂತಾಬೇನ್. ಬೇನ್ ಅಂದರೆ ಇಲ್ಲಿ ಅಕ್ಕ. ಅವರು ಸಜ್ಜೆ ರೊಟ್ಟಿ ತಟ್ಟಿ ಕೊಡುತ್ತಿದ್ದರು, ನಾನು ಮುದ್ದೆ ಕಟ್ಟಿ ಕೊಡುತ್ತಿದ್ದೆ. ಅವರು ನನ್ನ ಮುದ್ದೆಯನ್ನು ಅಗಿದೂ ಅಗಿದೂ "ಸರಸ್ ಛೇ" ಅನ್ನುತ್ತಿದ್ದರು. ಅಂದರೆ ಚೆನ್ನಾಗಿದೆ ಅಂತ. ಮುಖ ನೋಡಿದರೆ ಪಾಪ, ಗಂಟಲು ಬಿಟ್ಟು ಇಳಿಯುತ್ತಿರಲಿಲ್ಲ.

ನಾನೂ ಅವರ ಹಾಗೆಯೇ. ನೆಂಟರ ಮನೆಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ಇನ್ನೊಂದು ಸೌಟು ಹಾಕಿಸಿಕೊಳ್ಳುವ ಕಡೆಯವರಲ್ಲವೇ ನಾವು? ಶೋಭಾ ಹೊಸ ಮೆಟ್ಟಿಲು ಮಾಡಿ ತಂದಾಗಲೆಲ್ಲ ಇಳಿದು, "ಬೋ ಚೆನ್ನಾಗೈತೆ ಕಣೇ" ಅನ್ನುತ್ತಿದ್ದೆ. ಕಾಂತಾಬೇನರನ್ನು ಕೇಳಿದರೆ ಅವರದೂ "ಸರಸ್ ಛೇ."

ಒಂದು ಸಂಜೆ ಶೋಭಾ ಮುಖ ಸಣ್ಣಗೆ ಮಾಡಿಕೊಂಡು ಬಂದಳು. ಮೆಟ್ಟಿಲನ್ನು ಕಣ್ಣಾಸ್ಪತ್ರೆಯೊಂದರ ವಾರ್ಡಿನಲ್ಲಿಟ್ಟು ನೋಡಿದ್ದಳಂತೆ. ಮುದುಕಿಯರೆಲ್ಲ ಹೊಗಳಿ, ಅದನ್ನು ಪಕ್ಕಕ್ಕೆ ಸರಿಸಿ, ತಮಗೆ ಬಂದ ಹಾಗೆ ಇಳಿದರಂತೆ.

"ನಾಳಿದ್ದು ಆ ಆಸ್ಪತ್ರೆ ದೊಡ್ಡ ಡಾಕ್ಟ್ರು ನಮ್ ಶಾಲೆಗೆ ಬತ್ತಾರೆ. ಅವ್ರು ಒಪ್ಪಿದ್ರೆ ಎಲ್ಲಾ ಮಂಚಕ್ಕೂ ಮಾಡಿಸ್ತಾರೆ. ಇಲ್ದಿದ್ರೆ ವರ್ಷದ ಕೆಲ್ಸ ಕಸಕ್ಕೆ. ತಪ್ಪು ಎಲ್ಲೈತೆ ಅಂತ ಯಾರೂ ಹೇಳಲ್ಲ. ನೀನೂ ಹೇಳಲ್ಲ! ನೆಂಟರ ಮನೇಲಿ ಉಣ್ತಿದೀಯಾ ಅಜ್ಜಿ?"

ಅವಳ ತಟ್ಟೆಗೆ ಬಿಸಿ ಮುದ್ದೆ ಹಾಕಿದೆ.

ಹೇಳಿದ ದಿನವೇ ಡಾಕ್ಟರು ಬಂದರು. ತಲೆ ನರೆತ, ಮೆದು ಮಾತಿನ ಮನುಷ್ಯ. ಮತ್ತೆ ನಾನೇ ರೋಗಿ. ಕಣ್ಣು ಕಟ್ಟಿಸಿಕೊಂಡು ಕಾಲು ಇಳಿಬಿಟ್ಟೆ. ಮುಂದೆ ಕೈ ಚಾಚಿದರೆ ಹಿಡಿಕೆ ಸಿಗಲಿಲ್ಲ, ಒಂದು ಗಳಿಗೆ ಬರೀ ಗಾಳಿ. ಆಮೇಲೆ ಸಿಕ್ಕಿತು. ಆದರೆ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ.

ಹೇಗಿದೆ ಅಂತ ಡಾಕ್ಟರು ಹಿಂದಿಯಲ್ಲಿ ಕೇಳಿದರು. ಶೋಭಾ ಕನ್ನಡದಲ್ಲಿ ಕೇಳಿದಳು.

"ಚೆನ್ನಾಗಿಲ್ಲ ಕಣವ್ವ," ಅಂದೆ. "ಹೆದ್ರಿಕೆ ಆಯ್ತದೆ."

ಅವಳ ಮುಖ ಬಿಳಿಚಿತು. ಅಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಚೆನ್ನಾಗಿದೆಯಂತೆ ಅಂದುಬಿಟ್ಟಿದ್ದರೆ ಕೇಳುವವರು ಯಾರು? ಅವಳು ಡಾಕ್ಟರ ಮುಖ ನೋಡಿ, "ಅಚ್ಛಾ ನಹೀ ಹೈ" ಅಂದಳು. ಅಷ್ಟು ಹಿಂದಿ ಆಗಲೇ ನನಗೂ ಬರುತ್ತಿತ್ತು. ನಾನು ಎತ್ತಿ ಆಡಿಸಿದ ಕೂಸು ನನ್ನ ಕಣ್ಣೆದುರೇ ದೊಡ್ಡವಳಾದಳು.

ಯಾಕೆ ಹೆದರಿಕೆ ಅಂದರೆ ನನಗೆ ತಿಳಿಯಲಿಲ್ಲ. ಡಾಕ್ಟರು ಮೆಟ್ಟಿಲು ತೆಗೆಸಿ, ನಿಮಗೆ ಬಂದ ಹಾಗೆ ಇಳಿಯಿರಿ ಅಂದರು. ನಾನು ಮಗ್ಗುಲಾಗಿ, ಹೊಟ್ಟೆಯನ್ನು ಹಾಸಿಗೆಗೆ ಒತ್ತಿ, ಹಿಂದಕ್ಕೆ ಕಾಲು ಬಿಟ್ಟು ನೆಲ ಹುಡುಕಿದೆ.

"ಅಯ್ಯೋ ಅಜ್ಜಿ, ಅಟ್ಟದಿಂದ ಇಳ್ದಂಗೆ ಇಳೀತಿದೀಯಲ್ಲ!" ಶೋಭಾ ಕಿರುಚಿಯೇಬಿಟ್ಟಳು. "ಇಷ್ಟ್ ದಿನ ಯಾಕೆ ಹಿಂಗೆ ಇಳೀಲಿಲ್ಲ?"

"ನೀನು ಮೆಟ್ಲು ಇಟ್ಟಿದ್ಯಲ್ಲೇ. ಅದಕ್ಕೆ ಬೆನ್ನು ತೋರ್ಸಕ್ಕಾಯ್ತದಾ?"

ಕಾಯಿ ಒಣಗಲು ಹಾಕಿದ ಅಟ್ಟಕ್ಕೆ ಜೀವಮಾನವಿಡೀ ಹತ್ತಿ ಇಳಿದಿದ್ದೇನೆ. ಏಣಿಗೆ ಮುಖ ಮಾಡಿಯೇ ಇಳಿಯುವುದು. ಅಷ್ಟರಲ್ಲಿ ಅವಳು ಮೆಟ್ಟಿಲು ತಿರುಗಿಸಿ, ಹಿಡಿಕೆ ಕಿತ್ತು, ಅದನ್ನು ಮಂಚದ ಅಂಚಿಗೆ ಹಗ್ಗದಿಂದ ಬಿಗಿದಳು. ಮತ್ತೆ ಹತ್ತಿ ಇಳಿದಾಗ ಕೈ ತಾನಾಗಿ ಅದರ ಮೇಲೆ ಹೋಗಿ ಕೂತಿತು. ಎದೆ ಹೊಡೆದುಕೊಳ್ಳಲಿಲ್ಲ.

ಆಮೇಲೆ ನಡೆದದ್ದನ್ನು ನಮ್ಮ ಕಡೆ ಯಾರು ನಂಬುತ್ತಾರೋ! ಅಷ್ಟು ದೊಡ್ಡ ಡಾಕ್ಟರು ಬೂಟು ಬಿಚ್ಚಿ, ನಾನು ಮಲಗಿದ್ದ ಮಂಚದಲ್ಲೇ ಮಲಗಿ, ಕಣ್ಣಿಗೆ ಅದೇ ಬಟ್ಟೆ ಕಟ್ಟಿಸಿಕೊಂಡು, ನನ್ನ ಹಾಗೆಯೇ ಬೆನ್ನು ಮಾಡಿ ಇಳಿದರು. ನಮ್ಮೂರ ಕಡೆ ಡಾಕ್ಟರ ಮುಂದೆ ಸ್ಟೂಲಿನ ತುದಿಯಲ್ಲಿ ಕೂತವಳು ನಾನು. ಕೈ ಮುಗಿದೆ. ಅವರು ನನ್ನ ಕೈ ಹಿಡಿದು, ಮರದಲ್ಲಿ ಮಾಡಿಸೋಣ ಅಂದರು.

ಈಗ ವಾರ್ಡಿನ ಮಂಚಗಳಿಗೆಲ್ಲ ಮರದ ಮೆಟ್ಟಿಲಿದೆ. ಮಧ್ಯಾಹ್ನ ನಾನೂ ಹೋಗುತ್ತೇನೆ. ಪಟ್ಟಿ ಕಟ್ಟಿದ ಮುದುಕಿಯರಿಗೆ ತಿರುಗಿ ಇಳಿಯುವುದನ್ನು ತೋರಿಸುತ್ತೇನೆ. ಅವರು ಗುಜರಾತಿಯಲ್ಲಿ ಏನೋ ಉದ್ದಕ್ಕೆ ಹೇಳುತ್ತಾರೆ, ನಾನು ಕನ್ನಡದಲ್ಲಿ ಅಷ್ಟೇ ಉದ್ದ ಹೇಳುತ್ತೇನೆ. ಇಬ್ಬರಿಗೂ ಸಮಾಧಾನ.

ಮೊನ್ನೆ ಮಗ ಫೋನ್ ಮಾಡಿದ್ದ. "ಅವ್ವ, ಕಾಯಿ ಸುಲಿಸ್ಬೇಕು. ಅಲ್ಲೇ ಇದ್ದುಬುಡ್ತೀಯಾ? ಬಂದ್ಬುಡು." ಅವನ ದನಿ ಕೇಳಿದ್ದೇ ಮೂಗಿಗೆ ಒಣಗಿದ ತೆಂಗಿನ ಮಟ್ಟೆಯ ವಾಸನೆ ಬಡಿಯಿತು. ಬತ್ತೀನಿ ಕಣಪ್ಪ ಅಂದೆ. ನಿಜವಾಗಿಯೂ ಹೋಗುತ್ತೇನೆ, ಸಂಕಟವಾಗುವಷ್ಟು ಆಸೆಯಿದೆ.

ಶೋಭಾ ಟಿಕೆಟ್ ಮಾಡಿಸಲು ಹೊರಟವಳು ಹೊಸಿಲಲ್ಲಿ ನಿಂತು ಕೇಳಿದಳು: "ಅಜ್ಜಿ, ಊರಿಗೆ ಮಾತ್ರನಾ, ವಾಪಸ್ಸಿಗೂ ಮಾಡಿಸ್ಲಾ?"

ಸೊಪ್ಪು ಬಿಡಿಸುತ್ತಿದ್ದೆ. ತಲೆ ಎತ್ತದೆ, ವಾಪಸ್ಸಿಗೂ ಮಾಡಿಸು ಅಂದೆ.

ಮಗನಿಗೆ ಇದನ್ನಿನ್ನೂ ಹೇಳಿಲ್ಲ. ನಾನು ಬರೆದದ್ದನ್ನು ಓದಿ ತಿಳಿದುಕೊಳ್ಳಲಿ.