ನನ್ನ ಅಂಗಡಿಯ ಅಕ್ಕ, ಎದುರಂಗಡಿಯ ಹುಡುಗರು

ಮಂಗಳೂರಿನ ದೇರೆಬೈಲಿನಲ್ಲಿ ನನ್ನ ಟೈಲರ್ ಅಂಗಡಿಯ ಎದುರಿಗೇ ಇನ್ನೊಂದು ಟೈಲರ್ ಅಂಗಡಿ ತೆರೆದಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಡಾಕ್ಟರು ಗ್ಯಾಸ್ ಅಂದರು. ಹೆಂಡತಿ ಹೊಟ್ಟೆಕಿಚ್ಚು ಅಂದಳು. ಡಾಕ್ಟರ ಮಾತ್ರೆಯಿಂದ ಏನೂ ಗುಣವಾಗಲಿಲ್ಲ.

ಗಲ್ಫಿನಿಂದ ವಾಪಸಾದ ಆ ಅಂಗಡಿಯ ಯಜಮಾನರು ಬಂಗಾಳದಿಂದ ಮೂವರು ಹುಡುಗರನ್ನು ಕರೆಸಿಕೊಂಡಿದ್ದರು. ಇಪ್ಪತ್ತು ದಾಟಿದ ಪ್ರಾಯ. ಕನ್ನಡಕ ಇಲ್ಲ, ಸೊಂಟನೋವಿಲ್ಲ. ನನ್ನಲ್ಲಿ ಕೆಲಸ ಕಲಿತ ನಮ್ಮೂರಿನ ಹುಡುಗರೆಲ್ಲ ಒಬ್ಬೊಬ್ಬರಾಗಿ ದುಬೈ, ಮಸ್ಕತ್ ಎಂದು ಹೋಗಿ ಅಲ್ಲಿ ಯಾರದೋ ಅಂಗಡಿಯಲ್ಲಿ ಹೊಲಿಯುತ್ತಿದ್ದಾರೆ. ಹೊಸಬರು ಈ ಕಸುಬಿಗೆ ಬರುವುದೇ ಇಲ್ಲ. ನನಗೆ ಉಳಿದದ್ದು ಕೆಲಸಕ್ಕೆ ಬರುವ, ಅರವತ್ತು ದಾಟಿದ ಒಬ್ಬ ಅಕ್ಕ. ಅವರು ಸೂಜಿಗೆ ನೂಲು ಪೋಣಿಸುವಷ್ಟರಲ್ಲಿ ಎದುರಿನವರು ಅಂಗಿಗೆ ತೋಳು ಕೂರಿಸಿರುತ್ತಿದ್ದರು. ಇಸ್ತ್ರಿ ಹಾಕುವ ನೆಪದಲ್ಲಿ ನಾನು ಅದನ್ನೇ ನೋಡುತ್ತಿದ್ದೆ. ಹಾಗೆ ನೋಡುತ್ತಾ ಒಬ್ಬರ ಪ್ಯಾಂಟು ಸುಟ್ಟದ್ದೂ ಉಂಟು.

ಶಾಲೆ ಶುರುವಾಗುವ ಸಮಯ. ಯೂನಿಫಾರ್ಮಿನ ಬಟ್ಟೆ ರಾಶಿ ಬಿದ್ದಿತ್ತು. ಹೇಳಿದ ದಿನಕ್ಕೆ ಕೊಡದಿದ್ದರೆ ಗಿರಾಕಿಗಳು ರಸ್ತೆ ದಾಟುತ್ತಾರೆ, ಆಮೇಲೆ ನಾನು ಅಂಗಡಿ ಮುಚ್ಚುವುದೇ. ಆ ಮೂವರಲ್ಲಿ ಒಬ್ಬನನ್ನಾದರೂ ಸೆಳೆಯಬೇಕು ಅಂದುಕೊಂಡೆ. ಬಂಗಾಳದವರಿಗೆ ಮೀನೆಂದರೆ ಪ್ರಾಣ ಎಂದು ಕೇಳಿದ್ದೆ. ಹೆಂಡತಿಯಿಂದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿಸಿ, ಒಂದು ಭಾನುವಾರ ಅವರಲ್ಲಿ ಚುರುಕಾದವನನ್ನು ಊಟಕ್ಕೆ ಕರೆದೆ. ಅವನು ಅನ್ನ ತಿಂದ, ಮೀನನ್ನು ಬದಿಗೆ ಸರಿಸಿದ.

"ಸಮುದ್ರದ ಮೀನು ನಮಗೆ ಆಗುವುದಿಲ್ಲ ಅಂಕಲ್. ನಮ್ಮದು ಹೊಳೆ ಮೀನು," ಎಂದ, ಇಲ್ಲಿಗೆ ಬಂದು ಕಲಿತ ಕನ್ನಡದಲ್ಲಿ.

"ಅದು ಬಿಡು. ನನ್ನ ಅಂಗಡಿಗೆ ಬರ್ತೀಯಾ?"

"ನಾನು ಯಾಕೆ? ನಿಮ್ಮ ಅಕ್ಕ ನಮ್ಮಲ್ಲಿಗೆ ಬರ್ತಾರಂತಲ್ಲ?"

ನಾನು ಮೀನಿನ ಪಾತ್ರೆಗೆ ಮುಚ್ಚಳ ಹಾಕಿದೆ.

ಮರುದಿನ ಅಕ್ಕನನ್ನು ಕೇಳಿದೆ. ಅವರು ಕತ್ತರಿ ಕೆಳಗಿಡಲಿಲ್ಲ.

"ಹೌದು, ಕರೆದಿದ್ದಾರೆ. ಆ ಹುಡುಗರು ಅಂಗಿ, ಪ್ಯಾಂಟು ಬೇಗ ಹೊಲೀತಾರೆ. ಆದ್ರೆ ರವಿಕೆಗೆ ಅಳತೆ ಕೊಡ್ಲಿಕ್ಕೆ ಹೆಂಗಸರು ಅವರ ಹತ್ರ ನಿಲ್ತಾರಾ ಮಾರಾಯ್ರೆ?"

"ನೀವು ಎಂತ ಹೇಳಿದ್ದು?"

"ಯೋಚನೆ ಮಾಡ್ತೇನೆ ಅಂದೆ. ಅಲ್ಲಿ ಬೆನ್ನಿಗೆ ಒರಗು ಇರುವ ಕುರ್ಚಿ ಉಂಟು. ಇಲ್ಲಿ ಸ್ಟೂಲು. ನನ್ನ ಸೊಂಟಕ್ಕೆ ಇನ್ನೂ ಇಪ್ಪತ್ತು ಅಂತ ಎಣಿಸಿದ್ದೀರಾ?"

ಅಂದೇ ಸಂಜೆ ಕುರ್ಚಿ ತಂದೆ. ದಿಂಬನ್ನೂ ಇಟ್ಟೆ. ಅಕ್ಕ ಕೂತು, ಒರಗಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು.

"ಬೆಳಿಗ್ಗೆ ಇಲ್ಲಿ ಇರ್ತೇನೆ, ಊಟ ಆದ ಮೇಲೆ ಅಲ್ಲಿ. ನನ್ನ ಬದಲಿಗೆ ಅವರ ಒಬ್ಬ ಹುಡುಗ ಮಧ್ಯಾಹ್ನ ನಿಮ್ಮಲ್ಲಿಗೆ ಬರ್ತಾನೆ. ನಾನು ಮಾತಾಡಿ ಆಗಿದೆ," ಅಂದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಬಂದವನು ಅದೇ ಮೀನು ಸರಿಸಿದವನು. ಯೂನಿಫಾರ್ಮುಗಳು ಹೇಳಿದ ದಿನಕ್ಕೇ ಮುಗಿದವು; ಸದ್ಯಕ್ಕೆ ಅಂಗಡಿ ಉಳಿಯಿತು. ಆದರೂ ಮಧ್ಯಾಹ್ನವಾದರೆ ನನ್ನ ಕಣ್ಣು ರಸ್ತೆಯಾಚೆಗೇ ಹೋಗುತ್ತದೆ. ಅಲ್ಲಿ ಅಕ್ಕನ ಕೈಗೆ ಚಹಾ ಬರುತ್ತದೆ, ಹುಡುಗರು ಸುತ್ತ ಕೂರುತ್ತಾರೆ, ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾರೆ. ಇಷ್ಟು ವರ್ಷ ನನ್ನಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ.

"ಅಲ್ಲಿ ಅಷ್ಟೊಂದು ಎಂತ ತಮಾಷೆ?" ಎಂದು ಒಮ್ಮೆ, ಆ ಇಬ್ಬರ ಜೊತೆ ಒಂದೇ ಕೋಣೆಯಲ್ಲಿರುವ ಹುಡುಗನನ್ನು ಕೇಳಿದೆ.

ಅವನು ಮಿಷನಿನಿಂದ ತಲೆ ಎತ್ತಲಿಲ್ಲ.

"ನಿಮ್ಮ ವಿಷಯವೇ, ಅಂಕಲ್."